ಅರ್ಧಶಕ್ತಿಯ ವ್ಯಾಯಾಮ

ವ್ಯಾಯಾಮದ ಭರದಲ್ಲಿ ಒಂದು ಅಪೂರ್ವವಾದ ಉಲ್ಲಾಸ ಉಕ್ಕಿಬರುವುದೆಂದೂ, ಎಂಡಾರ್ಫಿನ್ ಎಂಬ ದ್ರವ್ಯಗಳೇ ಅದಕ್ಕೆ ಕಾರಣವೆಂದೂ, ಆ ಸುಖದ ರುಚಿಯನ್ನೊಮ್ಮೆ ಕಂಡವನು ಯಾರ ಬಲವಂತವೂ ಇಲ್ಲದೆ ನಿತ್ಯವೂ ತಾನಾಗಿಯೇ ಮೈ ದಂಡಿಸುವನೆಂದೂ ಬೋಧಿಸುವವರು ಈಗ ಬಹುಮಂದಿ. ಈ ಮಾತು ಸುಳ್ಳೆಂದು ನಾನು ಹೇಳಲಾರೆ. ಅಂಥ ಉಲ್ಲಾಸವನ್ನು ಅನುಭವಿಸಿದವರನ್ನು ಬಲ್ಲೆ. ಆದರೆ ಬೆವರು, ಏದುಸಿರು, ಮರುದಿನದ ತೊಡೆನೋವು ಇವುಗಳಲ್ಲದೆ ಬೇರೇನನ್ನೂ ಕಾಣದ ನನ್ನಂಥವರೂ ಲೋಕದಲ್ಲಿ ಅನೇಕರಿರುವರು. ಬಾರದ ಸುಖವನ್ನು ಎದುರುನೋಡಿ ಬೇಸತ್ತು, ತಮ್ಮ ದೇಹದಲ್ಲಿಯೇ ಏನೋ ಊನವಿರಬೇಕೆಂದು ಬಗೆದು, ಅವರಲ್ಲಿ ಕೆಲವರಾದರೂ ವ್ಯಾಯಾಮವನ್ನೇ ತ್ಯಜಿಸುವರೆಂಬುದು ನನಗೆ ವ್ಯಥೆಯ ಸಂಗತಿ.

ಶಾಸ್ತ್ರದೃಷ್ಟಿಯಿಂದಲೂ ಈ ವಾಗ್ದಾನದ ತಳಹದಿ ಭದ್ರವಾದುದಲ್ಲ. ಎಂಡಾರ್ಫಿನ್ ವರ್ಗದ, ಅಫೀಮಿನಂತೆ ವರ್ತಿಸುವ ದ್ರವ್ಯಗಳು ಮಿದುಳಿನಲ್ಲಿಯೇ ಇವೆಯೆಂಬುದನ್ನು ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಎಂಬ ವಿದ್ವಾಂಸರು ಅಬರ್ಡೀನಿನಲ್ಲಿ 1975ರಲ್ಲಿ ಪ್ರಕಟಪಡಿಸಿದ ತರುವಾಯ, ಓಟಗಾರನ ಆನಂದಕ್ಕೆಲ್ಲ ಅವೇ ಮೂಲವೆಂಬ ನಂಬಿಕೆ ಬೇರೂರಿತು. 2021ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯೊಂದರಲ್ಲಿ, ಆ ದ್ರವ್ಯಗಳ ಪ್ರಭಾವವನ್ನು ತಡೆಯುವ ಔಷಧವನ್ನು ಮೊದಲೇ ಕೊಟ್ಟು ಜನರನ್ನು ಓಡಿಸಿದಾಗಲೂ ಅವರ ಉಲ್ಲಾಸ ಅಡಗಲಿಲ್ಲ. ಕಾರಣವೇ ಇನ್ನೂ ಇತ್ಯರ್ಥವಾಗದ ಒಂದು ಸುಖವನ್ನು ಸರ್ವರಿಗೂ ಸಂಬಳದಂತೆ ಗೊತ್ತುಮಾಡಿ ಹೇಳುವುದು ಉಚಿತವಲ್ಲ.

ಇದನ್ನು ಯೋಚಿಸುತ್ತಿರುವಾಗ, ಸುಮಾರು 7ನೆಯ ಶತಮಾನದ ವಾಗ್ಭಟನ ‘ಅಷ್ಟಾಂಗಹೃದಯ’ವೆಂಬ ಆಯುರ್ವೇದ ಗ್ರಂಥದಲ್ಲಿ, ಸೂತ್ರಸ್ಥಾನದ ಎರಡನೆಯ ಅಧ್ಯಾಯವಾದ ದಿನಚರ್ಯೆಯನ್ನು ಮತ್ತೆ ತೆರೆದು ಓದಿದೆನು. ವ್ಯಾಯಾಮವನ್ನು ಆತನು ಇರಿಸಿರುವ ಸ್ಥಾನವೇ ಮೊದಲು ಗಮನಾರ್ಹವಾದುದು: ಬೆಳಗಿನ ಜಾವದಲ್ಲೇಳುವುದು, ಹಲ್ಲುಜ್ಜುವುದು, ಕಣ್ಣಿಗೆ ಅಂಜನವಿಡುವುದು, ಮೈಗೆ ಎಣ್ಣೆ ತಿಕ್ಕುವುದು, ಅದಾದ ಮೇಲೆ ವ್ಯಾಯಾಮ, ಆಮೇಲೆ ಸ್ನಾನ. ಹಲ್ಲುಜ್ಜಿದುದರಿಂದ ಪರಮಾನಂದವಾಗಲಿಲ್ಲವೆಂದು ಮರುದಿನ ಅದನ್ನು ಬಿಟ್ಟವರುಂಟೆ? ಇಷ್ಟಾನಿಷ್ಟಗಳ ವಿಚಾರಣೆಗೆ ಎಡೆಯಿಲ್ಲದ ಕರ್ಮಗಳ ಸಾಲಿನಲ್ಲಿ ವ್ಯಾಯಾಮವನ್ನು ಸೇರಿಸಿ, ಅದಕ್ಕೆ ಫಲಗಳೆಂದು ಮೈಯ ಹಗುರ, ಕೆಲಸಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ, ಅಂಗಗಳ ಬಿಗಿ ಎಂದಿಷ್ಟನ್ನು ಹೇಳಿ ಆತನು ಸುಮ್ಮನಾಗಿರುವನು. ಇವೆಲ್ಲ ಉಳಿದ ಹೊತ್ತಿನಲ್ಲಿ, ಮೆಟ್ಟಿಲೇರುವಾಗ, ಊಟಕ್ಕೆ ಕುಳಿತಾಗ ಕಾಣಬರುವ ಫಲಗಳು. ದಂಡ ಹೊಡೆಯುವ ಆ ಗಳಿಗೆಯಲ್ಲಿಯೇ ಕೈಗೆ ಬರತಕ್ಕವಲ್ಲ.

ಅದಕ್ಕಿಂತಲೂ ಬೆಲೆಯುಳ್ಳದ್ದು ಆತನ ಪರಿಮಾಣವಿಚಾರ. ಬಲವುಳ್ಳವರು ಕೂಡ, ಚಳಿಗಾಲ ವಸಂತಗಳಲ್ಲಿ ಕೂಡ, ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಉಳಿದ ಋತುಗಳಲ್ಲಿ ಇನ್ನೂ ಮಿತವಾಗಿರಬೇಕು. ಆ ಅರ್ಧವನ್ನು ಅರಿಯುವ ಬಗೆಯನ್ನು ಆಯುರ್ವೇದದ ಇನ್ನೊಬ್ಬ ಆಚಾರ್ಯನಾದ ಸುಶ್ರುತನು ತಿಳಿಸಿರುವನು: ಎದೆಯಲ್ಲಿರುವ ಉಸಿರು ಬಾಯಿಗೆ ಬಂದಾಗ, ಅಂದರೆ ಬಾಯಿಬಿಟ್ಟು ಉಸಿರಾಡುವಂತಾದಾಗ, ಅರ್ಧಬಲ ವೆಚ್ಚವಾಯಿತೆಂದು ತಿಳಿಯತಕ್ಕದ್ದು. ಇಂದಿನ ಶರೀರವಿಜ್ಞಾನಿಗಳ ಶೋಧನೆಯೂ ಇದರ ಸಮೀಪಕ್ಕೇ ಬಂದು ನಿಂತಿದೆ. ಮಾತನಾಡಲಾರದಷ್ಟು ಉಸಿರು ಕಟ್ಟುವ ಹಂತವನ್ನು ದಾಟಿದ ಮೇಲೆ ಬಹುಪಾಲು ಜನರಿಗೆ ಅನಿಸುವುದು ಹಿತವಲ್ಲ, ಅಹಿತವೇ. ಉಲ್ಲಾಸವು ಆಚೆಯ ದಡದಲ್ಲಿದೆಯೆಂದು ಆ ಎಲ್ಲೆಯನ್ನು ಮೀರಲು ಪ್ರೇರೇಪಿಸುವವರ ಮಾತಿಗಿಂತ, ಎಲ್ಲೆಯಲ್ಲಿಯೇ ನಿಲ್ಲೆನ್ನುವ ವಾಗ್ಭಟನ ಮಾತು, ಸುಖಾನುಭವದ ವರವಿಲ್ಲದವನಿಗೆ ಎಷ್ಟೋ ಪಾಲು ದಯೆಯುಳ್ಳದ್ದು. ನಾಳೆಯೂ ಮಾಡಬೇಕಾದ ಕೆಲಸವು ಇಂದು ದುಃಸಹವಾಗಬಾರದಷ್ಟೆ.

ಆದರೂ ಈ ಅಧ್ಯಾಯದಲ್ಲಿ ಕೊರತೆಯುಂಟು. ಸ್ನಿಗ್ಧವಾದ ಆಹಾರವುಳ್ಳವರಿಗೆ, ಎಂದರೆ ತುಪ್ಪ ಹಾಲುಗಳ ಅನುಕೂಲವಿದ್ದವರಿಗೆ ಈ ವಿಧಿಯನ್ನು ಹೇಳಲಾಗಿದೆ. ಮಾಡಬೇಕೆಂದರಿತೂ ಏಳಲೊಲ್ಲದ ಮನಸ್ಸನ್ನು ಏಳಿಸುವ ಉಪಾಯ ಇಲ್ಲಿಲ್ಲ. ಗ್ರಂಥವು ಬಿಟ್ಟ ಈ ತೆರಪನ್ನು ತುಂಬಿದುದು ನಮ್ಮ ಗರಡಿಮನೆ. ಮೈಸೂರಿನ ಹಳೆಯ ಗರಡಿಗಳಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿಯನ್ನು ನೋಡಿದವರು ಬಲ್ಲರು: ಅಲ್ಲಿಗೆ ಬಂದ ಹುಡುಗನ ಉತ್ಸಾಹವನ್ನು ಯಾರೂ ವಿಚಾರಿಸುವುದಿಲ್ಲ. ಬಾಗಿಲಲ್ಲಿ ತಲೆಬಗ್ಗಿಸಿ, ಹನುಮಂತನಿಗೆ ಕೈಮುಗಿದು, ಲಂಗೋಟಿ ಬಿಗಿದು, ಗುದ್ದಲಿ ಹಿಡಿದು ಮಟ್ಟಿಯನ್ನು ಅಗೆದು ಸಡಿಲಿಸುವುದೇ ಮೊದಲ ಕೆಲಸ. ಇವನು ಅಗೆಯದಿದ್ದರೆ ಜೊತೆಯವನು ಬೀಳುವ ನೆಲ ಗಟ್ಟಿಯಾಗಿಯೇ ಉಳಿಯುವುದು. ಗುದ್ದಲಿಯನ್ನು ಮೂಲೆಗಿಡುವ ಹೊತ್ತಿಗೆ ಮೈ ಕಾದಿರುತ್ತದೆ, ಉಸ್ತಾದರ ಕಣ್ಣು ಇವನ ಮೇಲೆ ಬಿದ್ದಿರುತ್ತದೆ, ಹಿಂದಿರುಗಿ ಹೋಗುವ ಮಾತು ಉಳಿದಿರುವುದಿಲ್ಲ. ಪ್ರೇರಣೆಯನ್ನು ಒಬ್ಬನ ಎದೆಯೊಳಗೆ ಹುಡುಕದೆ, ಸ್ಥಳದಲ್ಲಿ, ಸಂಗಾತಿಯಲ್ಲಿ, ಹೊತ್ತಿನಲ್ಲಿ ನೆಲೆಗೊಳಿಸಿದ ಆ ಹಿರಿಯರ ಜಾಣ್ಮೆಗೆ ನಾನು ಮನಸಾರೆ ತಲೆಬಾಗುವೆನು. ಹೆಣ್ಣುಮಕ್ಕಳಿಗೆ ಬಹುಕಾಲ ಅದರ ಬಾಗಿಲು ಮುಚ್ಚಿತ್ತೆಂಬುದೂ, ಕುಸ್ತಿಯ ಗೆಲವಿಗೇ ಸಾಮೆಲ್ಲ ಮೀಸಲಾಗಿ, ಕಣದಿಂದ ನಿವೃತ್ತನಾದ ಪೈಲ್ವಾನನಿಗೆ ಮುಂದೇನೆಂಬುದನ್ನು ಅದು ಕಲಿಸಲಿಲ್ಲವೆಂಬುದೂ ಅದರ ದೊಡ್ಡ ದೋಷಗಳೇ ಸರಿ.

ವಾಗ್ಭಟನಲ್ಲಿ ನಾನು ಖಂಡಿತವಾಗಿ ಒಪ್ಪಲಾರದ ಮಾತು ಇನ್ನೊಂದುಂಟು: ಬಾಲರೊಂದಿಗೆ ವೃದ್ಧರಿಗೂ ಆತನು ವ್ಯಾಯಾಮವನ್ನು ನಿಷೇಧಿಸಿರುವನು. 65 ವರ್ಷ ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲವನ್ನೂ ಬಲವನ್ನೂ ಬೆಳೆಸುವ ಅಭ್ಯಾಸಗಳನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಿಧಿಸಿದೆ. ಬೀಳದಂತೆ ನಡೆಯುವುದೇ ಅದರ ಮುಖ್ಯೋದ್ದೇಶ. ಜಗಲಿಯ ಕಂಬ ಹಿಡಿದು ಕುಳಿತೇಳುವ ಅಜ್ಜಿಗೆ ಉನ್ಮಾದದ ಸುಖ ಬೇಕಿಲ್ಲ, ಬಚ್ಚಲಿಗೆ ಒಬ್ಬಳೇ ಹೋಗಿಬರುವ ಸ್ವಾತಂತ್ರ್ಯ ಬೇಕು. ಅರ್ಧಶಕ್ತಿಯ ನಿಯಮವನ್ನು ಅವಳಿಗೂ ಅನ್ವಯಿಸಿದ್ದರೆ ಆಚಾರ್ಯನ ವಿಧಿ ಪೂರ್ಣವಾಗುತ್ತಿದ್ದಿತು.