ಸೂರಿಗೇಕೆ ಕತ್ತರಿ?

ಶಿರಾದ ಓದುಗರೊಬ್ಬರು ಕಗ್ಗಲಡು ಎಂಬ ಊರಿನ ಬಣ್ಣದ ಕೊಕ್ಕರೆಗಳ ಚಿತ್ರ ಕಳಿಸಿದ್ದಾರೆ. ಒಂದೊಂದೂ ಚೊಕ್ಕ, ಒಂದೊಂದೂ ಪಾಸ್‌ಪೋರ್ಟ್ ಫೋಟೊ. ಕಿತ್ತಳೆ ಮುಖ, ತುದಿಯಲ್ಲಿ ತುಸು ಬಾಗಿದ ಹಳದಿ ಕೊಕ್ಕು, ಹಿಂದೆ ಕರಗಿಹೋದ ಹಸಿರು. ಹಕ್ಕಿ ಕಗ್ಗಲಡುವಿನದೋ, ಕೊಕ್ಕರೆ ಬೆಳ್ಳೂರಿನದೋ, ಮೃಗಾಲಯದ್ದೋ ಬ್ರಹ್ಮನೇ ಹೇಳಬೇಕು.

ಕಗ್ಗಲಡುವಿನಲ್ಲಿ ಇವು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ. ಬೂದು ಬಕಗಳೂ ಅಲ್ಲೇ. ಕೆಳಗೆ ಮನೆ, ದನಕರು, ಜನರ ಓಡಾಟ. ಮೇಲೆ ಹಿಕ್ಕೆ ಮೆತ್ತಿ ಬೆಳ್ಳಗಾದ ಕೊಂಬೆ, ಮರಿಗಳ ಗದ್ದಲ. ಇಷ್ಟು ದೊಡ್ಡ ಹಕ್ಕಿ ಮನುಷ್ಯನ ತಲೆಯ ಮೇಲೇ ಸಂಸಾರ ಹೂಡಿದೆ ಎಂಬುದೇ ಇಲ್ಲಿನ ಸುದ್ದಿ. ಸೂರನ್ನು ಕತ್ತರಿಸಿದಿರೋ, ಸುದ್ದಿಯೂ ಹೋಯಿತು.

ಈ ಕತ್ತರಿ ಚಟ ಹತ್ತಿಸಿದ್ದು ಸಲೋನ್ ಪಂಥದವರು, ಅಂದರೆ ಫೋಟೊ ಸ್ಪರ್ಧೆಗಳವರು. ನೇಚರ್ ವಿಭಾಗದಲ್ಲಿ ಮನುಷ್ಯನ ಕುರುಹು ಕಾಣಕೂಡದು ಎಂಬುದು ಅವರ ಮಂತ್ರ. ನಿಯಮವನ್ನು ಪೂರ್ತಿ ಓದಿದವರು ಕಡಿಮೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆ, ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಗಳ ವಿಚಾರದಲ್ಲಿ ವಿನಾಯಿತಿ ಕೊಡುತ್ತದೆ. ಅದಕ್ಕೆ ಅವರು ಕೊಟ್ಟಿರುವ ಉದಾಹರಣೆ ಕಣಜದ ಗೂಬೆ ಮತ್ತು, ಗಮನಿಸಿ, ಕೊಕ್ಕರೆ! ನಿಯಮ ಬರೆದವರಿಗೇ ಇಲ್ಲದ ಮಡಿ ನಮ್ಮ ತೀರ್ಪುಗಾರರಿಗೆ.

ಲೆಕ್ಕವನ್ನಾದರೂ ನೋಡಿ. 24 ಮೆಗಾಪಿಕ್ಸೆಲ್ ಅಂದರೆ 6000 ಅಡ್ಡ, 4000 ಉದ್ದ. ಅಗಲದ ಕಾಲು ಭಾಗಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು 1500ಕ್ಕೆ 1000. ಹದಿನಾರರಲ್ಲಿ ಹದಿನೈದು ಪಾಲು ಕಸದ ಬುಟ್ಟಿಗೆ. ಇಂಚಿಗೆ 300ರಂತೆ ಅಚ್ಚು ಹಾಕಿಸಿದರೆ ಐದಿಂಚು ಅಗಲದ ಚಿತ್ರ. ಇದಕ್ಕೇ ಲಕ್ಷಗಟ್ಟಲೆ ಸುರಿದು ಲೆನ್ಸ್ ತಂದದ್ದು?

ಕ್ರಾಪ್ ಬೇಡವೆಂದಲ್ಲ. ಸುಡುಬಿಸಿಲಿನಲ್ಲಿ ತಾಯಿಯೋ ತಂದೆಯೋ ರೆಕ್ಕೆ ಇಳಿಬಿಟ್ಟು ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತದೆ. ಅಲ್ಲಿ ಆಕಾಶವನ್ನು ಧಾರಾಳವಾಗಿ ತೆಗೆಯಿರಿ. ಆದರೆ ರೆಕ್ಕೆಯನ್ನು ಗೆಣ್ಣಿನ ಬಳಿ ಕತ್ತರಿಸಬೇಡಿ, ನೆರಳು ಮರಿಯ ಮೇಲೆ ಬಿದ್ದಿರುವ ಜಾಗ ಫ್ರೇಮಿನೊಳಗೇ ಇರಲಿ. ಹಿಂಬದಿಯ ಗುಲಾಬಿ ಗರಿಯೂ ಸಿಕ್ಕಿದರೆ ನಿಮ್ಮ ಪುಣ್ಯ.

ಸಂಡೂರಿನ ವನ್ಯಜೀವಿ ಛಾಯಾಗ್ರಾಹಕ ಎಂ.ವೈ. ಘೋರ್ಪಡೆಯವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ತಿರುವಿ ಹಾಕಿ. ಹಕ್ಕಿಗಳ ಮಾತು ಬಿಡಿ, ಆನೆಯಂಥ ಆನೆಯನ್ನೂ ಅವರು ಬೆಳಕು, ದೂಳು, ಕಾಡಿನ ನಡುವೆ ಇಟ್ಟೇ ನೋಡಿದವರು. ಹಣಕಾಸು ಮಂತ್ರಿಯಾಗಿದ್ದವರಿಗೆ ಖಾಲಿ ಜಾಗವನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಮಧುಗಿರಿಯ ಹಳದಿ ಕೊರಳಿನ ಪಿಕಳಾರದ್ದೂ ಇದೇ ಕಥೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲನ್ನು ಬಿಟ್ಟು ಬೇರೆಲ್ಲೂ ಬದುಕದ ಹಕ್ಕಿ ಅದು. ಬಂಡೆಯನ್ನು ತೆಗೆದು ಕೊರಳನ್ನಷ್ಟೇ ಉಳಿಸಿಕೊಂಡರೆ ವಿಳಾಸ ಹರಿದು ಕಾಗದ ಇಟ್ಟುಕೊಂಡಂತಾಯಿತು.

ಇನ್ನು ಕರೆಂಟಿನ ತಂತಿ. ಅಡ್ಡ ಬಂದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅದೂ ಗೂಡಿನಲ್ಲಿರುವ ಹಕ್ಕಿ ಬೆದರದಂತೆ. ಕಂಪ್ಯೂಟರಿನಲ್ಲಿ ಅಳಿಸಲು ಹೋಗಬೇಡಿ. ಆ ಮೂರು ಸಂಸ್ಥೆಗಳ ವ್ಯಾಖ್ಯೆಯಲ್ಲಿ ಕತ್ತರಿಸಲು ಅನುಮತಿ ಉಂಟು, ಅಳಿಸಲು ಇಲ್ಲ.