ಕಾಯಿ ಫಾರಿನ್ನಿಗೆ, ಕಾಕಾ ಬ್ಯಾಡಗಿಗೆ

ಮೀಟಿಂಗಿನಲ್ಲಿ ಯಾರಾದರೂ ಜಗತ್ತಿನ ನಕ್ಷೆಗೆ ನಾಲ್ಕು ಚುಕ್ಕೆ ಇಟ್ಟು 'ನಾವೀಗ ಇಂಟರ್‌ನ್ಯಾಶನಲ್' ಅಂತ ಸ್ಲೈಡ್ ತೋರಿಸಿದರೆ ನನಗೆ ಗಳಗನಾಥದ ಕಾಕಾ ನೆನಪಾಗ್ತಾರೆ. ವರದೆ ತುಂಗಭದ್ರೆಯನ್ನು ಸೇರುವ ನಮ್ಮೂರಿಂದ ಅವರು ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೋಗುವವರು. 'ನಿಮ್ಮ ಕಾಯಿ ಫಾರಿನ್ನಿಗೆ ಹೋಗತೈತಂತಲ್ಲ ಕಾಕಾ' ಅಂದೆ. 'ಕಾಯಿ ಹೋಗತೈತೋ ಏನೋ, ನಾ ಮಾತ್ರ ಬ್ಯಾಡಗಿ ದಾಟಿಲ್ಲಪಾ' ಅಂದರು.

ಹಾಗಾದರೆ ಅಂತರರಾಷ್ಟ್ರೀಯ ಆದದ್ದು ವ್ಯಾಪಾರವೋ, ಬರೀ ಸರಕೋ?

ಮ್ಯಾನೇಜ್‌ಮೆಂಟ್ ಪಾಠದ ಪ್ರಸಿದ್ಧ ಉತ್ತರ ಸ್ವೀಡನ್ನಿನ ಉಪ್ಸಾಲಾದಿಂದ ಬಂದದ್ದು. 1977ರಲ್ಲಿ ಯೋಹಾನ್ಸನ್ ಮತ್ತು ವಾಲ್ನೆ ಹೇಳಿದ್ದು ಇಷ್ಟು: ಕಂಪನಿ ಒಮ್ಮೆಲೇ ಜಗತ್ತಿಗೆ ಹಾರುವುದಿಲ್ಲ. ಮೊದಲು ಅಷ್ಟಿಷ್ಟು ರಫ್ತು, ಆಮೇಲೆ ಏಜೆಂಟು, ಆಮೇಲೆ ಸ್ವಂತ ಮಾರಾಟ ಕಚೇರಿ, ಕೊನೆಗೆ ಅಲ್ಲೇ ಕಾರ್ಖಾನೆ. ಒಂದು ಹೆಜ್ಜೆಯಲ್ಲಿ ಕಲಿತದ್ದೇ ಮುಂದಿನ ಹೆಜ್ಜೆಗೆ ಧೈರ್ಯ. ಕಲಿಯುವ ಮಾತು ನನಗೂ ಒಪ್ಪಿಗೆ. ಆದರೆ ಇದು ಹೊರಗೆ ಹೋಗುವವರ ಕತೆ. ಜಗತ್ತೇ ಬಾಗಿಲಿಗೆ ಬಂದು ಅಳತೆ ತೆಗೆದರೆ ಏನು ಅನ್ನೋದು ಇದರಲ್ಲಿಲ್ಲ.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣವನ್ನು ಒಲಿಯೋರೆಸಿನ್ ಅನ್ನುವ ಎಣ್ಣೆಯಾಗಿ ತೆಗೆದು ರಫ್ತು ಮಾಡುತ್ತಾರೆ. ಬಣ್ಣ ಅಳೆಯುವ ಮಾನದ ಹೆಸರು 'ಆಸ್ಟಾ', ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ್ದು. ಯುರೋಪಿನ ತಿಂಡಿ ಪೊಟ್ಟಣದ ಮೇಲೆ ಮೆಣಸಿನಕಾಯಿ ಜಾತಿಯ ಈ ಬಣ್ಣಗಳೆಲ್ಲ ಒಟ್ಟಿಗೆ 'ಇ160ಸಿ'. 2011ರಲ್ಲಿ ಬ್ಯಾಡಗಿ ಹೆಸರಿಗೆ ಜಿಐ ಟ್ಯಾಗ್ ಸಿಕ್ಕಿತು, ಸಂತೋಷವೇ. ಎಣ್ಣೆಯಾಗಿ ಡ್ರಮ್ಮಿಗೆ ಬಿದ್ದ ಮೇಲೆ ಆ ಹೆಸರಿಗೆ ಏನು ಬೆಲೆ?

ನಮ್ಮ ಸಾಫ್ಟ್‌ವೇರ್ ಮಂದಿಗೆ ಇಂಟರ್‌ನ್ಯಾಶನಲೈಸೇಶನ್ ಅಂದರೆ 'ಐ18ಎನ್', ಆ ಇಂಗ್ಲಿಷ್ ಪದದ ಐ ಮತ್ತು ಎನ್ ನಡುವೆ 18 ಅಕ್ಷರ ಇವೆಯಂತ. ಅದು ಅನುವಾದ ಅಲ್ಲ, ನಮ್ಮೂರಿನ ರೂಢಿಯೇ ಲೋಕದ ರೂಢಿ ಅನ್ನೋ ಊಹೆಯನ್ನು ಕೋಡಿನೊಳಗಿಂದ ಕಿತ್ತು ಹಾಕುವುದು. ನಾನೇ ಒಮ್ಮೆ ಕನ್ನಡ ಬಟನ್ ಹಾಕಿ ಬೀಗಿದ್ದೆ. ಅವ್ವನ ವಿಳಾಸ ತುಂಬಲು ಹೋದರೆ 'ಬೀದಿಯ ಹೆಸರು ಕಡ್ಡಾಯ' ಅಂತ ಫಾರ್ಮು ಮುಂದೆ ಹೋಗಲೇ ಇಲ್ಲ. ನಮ್ಮ ಓಣಿಗೆ ಎಲ್ಲಿಯ ಹೆಸರು!

ಹಾಗಾಗಿ ಎಷ್ಟು ದೇಶಕ್ಕೆ ಮಾರಿದಿರಿ ಅನ್ನೋ ಲೆಕ್ಕ ನನಗೆ ಸಾಲುವುದಿಲ್ಲ. ಯಾರು ಯಾರಿಗಾಗಿ ಬದಲಾದರು, ಬದಲಾದವರಿಗೆ ಆ ಕಡೆಯ ಗಿರಾಕಿ ಎಷ್ಟು ಗೊತ್ತು ಅಂತ ಕೇಳಬೇಕು. ನಕ್ಷೆಯಲ್ಲಿ ಚುಕ್ಕೆ ಇಟ್ಟ ಕಂಪನಿಗಿಂತ ಕಾಕಾ ಹೆಚ್ಚು ಬದಲಾಗಿದ್ದಾರೆ. ಬಣ್ಣ ಕೆಡದ ಹಾಗೆ ಒಣಗಿಸುವುದು, ಆರಿಸುವುದು ಎಲ್ಲ ಅವರ ಕೂಲಿ ಖರ್ಚಿನಲ್ಲೇ. ಗೊತ್ತಾಗುವ ಪಾಲು ಮಾತ್ರ ಅವರಿಗೆ ಬಂದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಆಸ್ಟಾ ಬಗ್ಗೆ ಹೇಳಿದೆ. ಕಾಕಾ ಒಂದು ಕಾಯಿ ಮುರಿದು ಬಿಸಿಲಿಗೆ ಹಿಡಿದು ನೋಡಿದರು. 'ಇದರ ನಂಬರ್ ಎಷ್ಟಂತ ನಾ ಹ್ಯಾಂಗ ತಿಳ್ಕೊಳ್ಳಲಿ?'