‘ಸುರಭಿ’ಗೆ ಬರೆದ ಕಾರ್ಡು

‘ಸುರಭಿ’ಯನ್ನು ನಾನು ದೂರದರ್ಶನದಲ್ಲಿ ನೋಡಿದವಳಲ್ಲ. 1990ರಲ್ಲಿ ಶುರುವಾದ ಆ ಕಾರ್ಯಕ್ರಮ 2001ರಲ್ಲಿ ನಿಂತಾಗ ನನಗಿನ್ನೂ ಮೂರ್ನಾಲ್ಕು ವರ್ಷ. ನನಗೆ ಸಿಕ್ಕಿದ್ದು ಯೂಟ್ಯೂಬಿನ ಕೆಲವು ಮಸುಕು ಕಂತುಗಳು ಮತ್ತು ಅವ್ವನ ನೆನಪು.

ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ನಡೆಸಿಕೊಡುತ್ತಿದ್ದ ಈ ಕಾರ್ಯಕ್ರಮದ ಮಾತು ಬಂದರೆ ಹಿಂದಿನ ತಲೆಮಾರಿನವರು ರೇಣುಕಾ ಅವರ ನಗುವಿನಿಂದ ಶುರುಮಾಡಿ ‘ಈಗ ಅಂಥದ್ದೆಲ್ಲಿ?’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಆ ಹಂಬಲ ಸುಳ್ಳಲ್ಲ. ಆದರೆ ವಿಮರ್ಶೆಯೂ ಅಲ್ಲಿಗೇ ನಿಂತುಬಿಟ್ಟಿದೆ. ಸಂಗೀತ, ಕರಕುಶಲ, ಹಬ್ಬ, ಹಳೆಯ ಕಟ್ಟಡ ಎಲ್ಲವನ್ನೂ ಕೆಲವೇ ನಿಮಿಷಗಳ ತುಣುಕುಗಳಾಗಿ ಪಕ್ಕಪಕ್ಕ ಇಡುವುದು ಟಿವಿ ಮ್ಯಾಗಜಿನ್‌ನ ರೀತಿ. ದೊಡ್ಡ ಗವಾಯಿಗೂ ಗೊಂಬೆ ಮಾಡುವವನಿಗೂ ಅಲ್ಲಿ ಒಂದೇ ಚೌಕಟ್ಟು. ಅದು ಸಣ್ಣ ಸಂಗತಿಯೇನಲ್ಲ. ಆದರೆ ನಾನು ನೋಡಿದ ಹಲವು ತುಣುಕುಗಳಲ್ಲಿ ಕೈಗಳು ಕೆಲಸ ಮಾಡುತ್ತಿರುತ್ತವೆ, ಹಿಂದಿಯ ನಿರೂಪಣೆ ಅದನ್ನು ವಿವರಿಸುತ್ತಿರುತ್ತದೆ. ಆ ಕೈಗಳವರು ತಮ್ಮ ಮಾತಿನಲ್ಲಿ ಏನು ಹೇಳುತ್ತಿದ್ದರು, ದಿನಕ್ಕೆ ಎಷ್ಟು ದುಡಿಯುತ್ತಿದ್ದರು, ಮಕ್ಕಳು ಆ ಕಸುಬು ಹಿಡಿದರೋ ಬಿಟ್ಟರೋ, ಗೊತ್ತಾಗುವುದಿಲ್ಲ.

ಜನ ‘ಸುರಭಿ’ಯೊಳಕ್ಕೆ ಬಂದದ್ದು ಕಾಗದಗಳ ಮೂಲಕ. ಪ್ರತಿ ಕಂತಿನ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕಿತ್ತು. ಒಂದೇ ವಾರದಲ್ಲಿ ಸುಮಾರು 14 ಲಕ್ಷ ಪತ್ರಗಳು ಬಂದದ್ದು ಲಿಮ್ಕಾ ದಾಖಲೆ ಸೇರಿದೆ. ಸಾಮಾನ್ಯ ಕಾರ್ಡಿಗೆ 15 ಪೈಸೆ ಇದ್ದ ಕಾಲದಲ್ಲಿ ಅಂಚೆ ಇಲಾಖೆ ಇಂಥ ಸ್ಪರ್ಧೆಗಳಿಗೆಂದೇ 2 ರೂಪಾಯಿಯ ಬೇರೆ ಕಾರ್ಡು ತರಬೇಕಾಯಿತು. ಇದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನ್ನನ್ನು ಕಾಡುವುದು ಬೇರೆ: ಆ ಲಕ್ಷಾಂತರ ಕಾರ್ಡುಗಳಲ್ಲಿ ಬಹುಪಾಲು ಒಂದೇ ಉತ್ತರ ಇದ್ದಿರಬೇಕು.

ಅವುಗಳಲ್ಲಿ ಒಂದು ಅವ್ವನದು. ಗದಗಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಿಂದಿ ಅಷ್ಟಕ್ಕಷ್ಟೇ. ಹೈಸ್ಕೂಲಿನ ಹಿಂದಿ ಮಾಸ್ತರರ ಹತ್ತಿರ ಬರೆಸಿಕೊಂಡು ಬಂದಿದ್ದಳಂತೆ. ಆ ವಾರ ಟಿವಿಯಲ್ಲಿ ಯಾವುದೋ ಊರಿನ ಕಸೂತಿ ತೋರಿಸಿದ್ದರು. ನಮ್ಮಜ್ಜಿ ಹಳೇ ಸೀರೆ ಕೂಡಿಸಿ ಹೊಲಿಯುತ್ತಿದ್ದ ಕೌದಿಯ ಬಗ್ಗೆ ಎರಡು ಸಾಲು ಬರೆಯಬೇಕು ಅಂತ ಅವಳಿಗೆ ಅನಿಸಿತ್ತು.

‘ಮತ್ತ ಯಾಕ ಬರೀಲಿಲ್ಲ?’

‘ಅವರು ಅದನ್ನ ಕೇಳಿರಲಿಲ್ಲಲ್ಲ.’

ಇದನ್ನು ಕಾರ್ಯಕ್ರಮದ ಮೇಲಿನ ಆರೋಪವಾಗಿ ಬಳಸಿಕೊಳ್ಳುವ ಆಸೆ ನನಗೂ ಆಯಿತು. ನಮ್ಮ ಸಂಶೋಧನೆಯ ಭಾಷೆಯಲ್ಲಿ ಅದು ಬಹಳ ಸುಲಭ. ಆದರೆ ಮನೆಯಲ್ಲಿ ಬರೀ ಹೊದಿಕೆಯಾಗಿದ್ದ ಕೌದಿ ದೆಹಲಿ, ಮುಂಬೈಯವರಿಗೂ ಹೇಳಬಹುದಾದ ವಸ್ತು ಎಂದು ಅವಳಿಗೆ ಮೊದಲ ಸಲ ಹೊಳೆದದ್ದು ಆ ತುಣುಕಿನ ಎದುರೇ. ಹೊಳೆಯಿಸಿದ್ದೂ ‘ಸುರಭಿ’, ಕೇಳದೇ ಇದ್ದದ್ದೂ ‘ಸುರಭಿ’. ಇದರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಆಗುತ್ತಿಲ್ಲ.

ಈಚೆಗೆ ಊರಿಗೆ ಹೋದಾಗ ಆ ಕೌದಿ ಹಾಸಿಕೊಂಡು, ಯಾವ ತುಂಡು ಯಾರ ಸೀರೆಯದು ಎಂದು ಅವ್ವನನ್ನು ಕೇಳಿ ಬರೆದುಕೊಳ್ಳಲು ಕೂತೆ. ಹನ್ನೊಂದು ತುಂಡು ಗುರುತಿಸಿದಳು. ಉಳಿದದ್ದು ಚಿಗವ್ವನಿಗೆ ಗೊತ್ತಿರಬಹುದು ಅಂದಳು.